ಟೇಪು ಹಿಡಿದವರಿಗೆ ಮೊದಲ ಶರಣು

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ನಡೆದ ನಮ್ಮ ಕಾಲೇಜಿನ ಕ್ರೀಡಾಕೂಟದಲ್ಲಿ ಮಹಿಳೆಯರ ತ್ರಿವಿಧ ಜಿಗಿತದ (ಟ್ರಿಪಲ್ ಜಂಪ್) ಹಳೆಯ ಕೂಟ ದಾಖಲೆಯನ್ನು 4 ಸೆಂಟಿಮೀಟರ್‌ನಿಂದ ದಾಟಿದೆ. ಫೋನ್ ಮಾಡಿದವರು, ಮನೆಗೆ ಬಂದು ಪೇಢೆ ತಿನ್ನಿಸಿದವರು, ಎಲ್ಲರಿಗೂ ಶರಣು. ಆದರೆ ನನ್ನ ಮೊದಲ ಶರಣು ಯಾವ ಫೋಟೊದಲ್ಲೂ ಕಾಣದ ಇಬ್ಬರಿಗೆ: ಮರಳಿನ ಹೊಂಡದ ಬದಿಗೆ ಬಿಸಿಲಲ್ಲಿ ಕೂತು ಟೇಪು ಹಿಡಿದವರಿಗೆ.

ಅಳೆಯೋದರಲ್ಲಿ ಏನು ಮಹಾ ಇದೆ ಅನ್ನಿಸಬಹುದು. ಮರಳಲ್ಲಿ ಮೂಡಿದ ಗುರುತುಗಳಲ್ಲಿ, ಓಡಿ ಬಂದು ಕಾಲೂರಿ ಹಾರುವ ಹಲಗೆಗೆ ಎಲ್ಲಕ್ಕಿಂತ ಹತ್ತಿರದ್ದು ಯಾವುದೆಂದು ಹುಡುಕಿ ಅಲ್ಲಿ ಸೊನ್ನೆ ಇಡಬೇಕು. ಅದು ಹಿಮ್ಮಡಿಯದಾದರೂ ಸರಿ, ಹಿಂದಕ್ಕೆ ಊರಿದ ಕೈಯದಾದರೂ ಸರಿ. ಟೇಪು ಹಲಗೆಯ ಗೆರೆಗೆ ಲಂಬವಾಗಿರಬೇಕು. ಓರೆಯಾದರೂ ಜೋತುಬಿದ್ದರೂ ಅಳತೆ ಸುಳ್ಳೇ ಉದ್ದವಾಗುತ್ತದೆ. ಸೆಂಟಿಮೀಟರ್ ಪೂರ್ತಿಯಾಗದಿದ್ದರೆ ಕೆಳಗಿನ ಅಂಕಿಯನ್ನೇ ಬರೆಯಬೇಕು. ಇಷ್ಟೂ ಸರಿಯಾಗಿ ನಡೆದದ್ದಕ್ಕೇ ಆ 4 ಸೆಂಟಿಮೀಟರ್ ನನ್ನದು ಅಂತ ತಲೆ ಎತ್ತಿ ಹೇಳಬಲ್ಲೆ.

ಅವತ್ತು ಸೊನ್ನೆಯ ತುದಿ ಹಿಡಿದಿದ್ದವರು ಹಳೆಯ ದಾಖಲೆ ಯಾರ ಹೆಸರಲ್ಲಿತ್ತೋ ಅದೇ ಅಕ್ಕ. ಈಗ ಚಿತ್ತಾಪುರ ತಾಲ್ಲೂಕಿನಲ್ಲಿ ದೈಹಿಕ ಶಿಕ್ಷಕಿ, ನಿರ್ಣಾಯಕರಾಗಿ ಬಂದಿದ್ದರು. ಹಲಗೆಯ ಹತ್ತಿರ ಅಂಕಿ ಓದಿದ ಸರ್ ಸುಮ್ಮನೆ ಅವರ ಮುಖ ನೋಡಿದರು. “ಇನ್ನೊಮ್ಮೆ ಅಳೀರಿ ಸರ. ನಾಳೆ ಈ ಹುಡುಗಿಗಿ ಯಾರೂ ಒಂದ್ ಮಾತ್ ಅನಬಾರದು” ಅಂದರು ಅಕ್ಕ. ಎರಡನೇ ಸಲವೂ ಅದೇ ಅಂಕಿ ಬಂತು. ಆಮೇಲೆಯೇ ಮರಳು ಸಮ ಮಾಡಲು ಬಿಟ್ಟರು. ಅಕ್ಕೋರೆ, ನಿಮ್ಮ ಹೆಸರು ಕೆಳಗಿಳಿಯುವ ಅಳತೆಗೆ ಎರಡು ಸಲ ನೀವೇ ಕೈ ಹಿಡಿದಿರಿ. ಇಂಥ ಮನಸ್ಸನ್ನು ನಾನು ಮೈದಾನದಲ್ಲಿ ಬೇರೆಲ್ಲೂ ಕಂಡಿಲ್ಲ.

ಗಾಳಿಮಾಪಕದ ಬಳಿ ಕೂತಿದ್ದ ಬಿ.ಪಿ.ಇಡಿ. ಓದುವ ತಮ್ಮನಿಗೂ ಶರಣು. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ಪದಕ ಸಿಗುತ್ತದೆ, ದಾಖಲೆ ಸಿಗುವುದಿಲ್ಲ. ಓಡುವವಳು ಹಲಗೆಯಿಂದ 35 ಮೀಟರ್ ದೂರದ ಗುರುತು ದಾಟಿದ ಕ್ಷಣದಿಂದ 5 ಸೆಕೆಂಡ್ ಗಾಳಿ ಅಳೆಯಬೇಕು. ಪ್ರತಿಯೊಬ್ಬಳ ಪ್ರತಿ ಜಿಗಿತಕ್ಕೂ ಅವನು ಕಣ್ಣು ಕೀಳದೆ ಬರೆದ. ಹಿಂದೊಮ್ಮೆ ಬೇರೊಂದು ಕೂಟದಲ್ಲಿ ಮಾಪಕವೇ ಇರಲಿಲ್ಲ. ಅವತ್ತು ಚೆನ್ನಾಗಿ ಜಿಗಿದಿದ್ದೆ, ಅದು ಎಲ್ಲೂ ದಾಖಲಾಗಲಿಲ್ಲ. ಈ ಸಲ ಮಾಪಕ ಬೇಕೇ ಬೇಕು ಅಂತ ಪಟ್ಟು ಹಿಡಿದು ತರಿಸಿದವರು ನಮ್ಮ ದೈಹಿಕ ಶಿಕ್ಷಣ ವಿಭಾಗದ ಮೇಡಂ.

ಮೇಡಂ ಬಗ್ಗೆ ಎಷ್ಟು ಬರೆದರೂ ಕಡಿಮೆ. ತ್ರಿವಿಧ ಜಿಗಿತದಲ್ಲಿ ಯಾವ ಕಾಲಿಂದ ಹಾರುತ್ತೇವೋ ಅದೇ ಕಾಲ ಮೇಲೆ ಮೊದಲು ಇಳಿಯಬೇಕು, ಮೈಭಾರದ ಹಲವು ಪಟ್ಟು ಆ ಒಂದು ಪಾದದ ಮೇಲೆ ಬೀಳುತ್ತದೆ. ಹಾಗೆ ಇಳಿಯುವಾಗಲೇ ನನ್ನ ಪಾದದ ಕೀಲು ಹೋಗಿತ್ತು. ಆಟ ಮುಗೀತು ಅಂದುಕೊಂಡು ಅಳುತ್ತಿದ್ದಾಗ ಮೇಡಂ ಹೆನ್ರಿ ರೆಬೆಲ್ಲೊ ಕಥೆ ಹೇಳಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ತ್ರಿವಿಧ ಜಿಗಿತದ ಫೈನಲ್ ತಲುಪಿದ್ದ ನಮ್ಮ ದೇಶದ ಹುಡುಗ, ಅಲ್ಲೇ ತೊಡೆಯ ಸ್ನಾಯು ಹರಿದುಕೊಂಡ. “ಅವನಿಗಿ ಆವಾಗ ಫಿಸಿಯೊ ಎಲ್ಲಿತ್ತವ್ವಾ? ನಿನಗ ಐತಿ” ಅಂದರು. ನನಗೆ ಸಮಾಧಾನಕ್ಕಿಂತ ಆ ಮಾತು ಹೆಚ್ಚು ಕೆಲಸ ಮಾಡಿತು. ಅವರ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಭಾರತದ ಜಿಗಿತಗಾರ್ತಿ ಮಯೂಖಾ ಜಾನಿ 2011ರಲ್ಲಿ ಜಪಾನಿನ ಕೋಬೆಯಲ್ಲಿ ಜಿಗಿದ 14.11 ಮೀಟರ್ ಬರೆದಿದೆ, ಅದರ ಕೆಳಗೆ ನಮ್ಮೆಲ್ಲರ ವಾರವಾರದ ಅಳತೆ. ನಾನು ಕುಂಟುತ್ತಿದ್ದ ದಿನಗಳಲ್ಲೂ ನನ್ನ ಸಾಲನ್ನು ಅವರು ಹೊಡೆದುಹಾಕಲಿಲ್ಲ.

ತೊಗರಿ ರಾಶಿಯ ದಿನಗಳಲ್ಲಿ ಕೂಲಿಯವರು ಸಿಗದಿದ್ದರೂ ನನ್ನನ್ನು ಹೊಲಕ್ಕೆ ಕರೆಯದ ಅಪ್ಪನಿಗೆ, ಮೊದಲ ಬಸ್ಸಿಗೆ ಹೊರಡುವ ಮುಂಚೆ ರೊಟ್ಟಿ ಬಡಿದು ಕಟ್ಟಿಕೊಟ್ಟ ಅವ್ವನಿಗೆ ಏನು ಬರೆಯಲಿ, ಮನೆಯಲ್ಲೇ ಹೇಳಿದ್ದೇನೆ.

ಕೊನೆಗೆ, ಅಭ್ಯಾಸದ ಮುಂಚೆ ಗಟ್ಟಿಯಾದ ಮರಳನ್ನು ಅಗೆದು ಸಡಿಲ ಮಾಡುವ ಮೊದಲ ವರ್ಷದ ತಂಗಿಯರಿಗೆ. ನೀವು ಅಗೆಯದಿದ್ದರೆ ನನ್ನ ಕಾಲು ಎರಡನೇ ಸಲ ಹೋಗುತ್ತಿತ್ತು. ನಿಮ್ಮಲ್ಲಿ ಇಬ್ಬರು ಇನ್ನೂ ಕ್ಯಾನ್ವಾಸ್ ಶೂಸ್‌ನಲ್ಲೇ ಜಿಗಿಯುತ್ತಿದ್ದೀರಿ. ನನ್ನ ಹತ್ತಿರ ಇನ್ನೊಂದು ಜೊತೆ ಸ್ಪೈಕ್ಸ್ ಇದೆ, 5 ನಂಬರ್. ಯಾರ ಕಾಲಿಗೆ ಹಿಡಿಸುತ್ತದೋ ಬಂದು ಹಾಕಿ ನೋಡಿ.