ಮಗಳಿಗೊಂದು ಪತ್ರ: ಬುಧನ ಮೇಲೆ ಶನಿಯ ಕಣ್ಣು

ಮೈಸೂರು, ಬುಧವಾರ ರಾತ್ರಿ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಮೀಟಿಂಗಿನಲ್ಲಿ ಎಲ್ಲರೂ ಪಟಪಟನೆ ಮಾತನಾಡುತ್ತಾರಮ್ಮ. ನನಗೆ ಮಾತು ಹೊಳೆಯುವಷ್ಟರಲ್ಲಿ ವಿಷಯವೇ ಮುಗಿದಿರುತ್ತದೆ. ನಾನು ನಿಜವಾಗಿಯೂ ಮಂದವೇ?" ಎಂದೆ. ಆ ಪದ ಮೊದಲು ನಿನ್ನ ಕಿವಿಗೆ ಬಿದ್ದದ್ದು ನಮ್ಮ ನಡುಮನೆಯಲ್ಲೇ. ತಡೆಯಬೇಕಾದ ನಾನು ತಡೆಯಲಿಲ್ಲ.

ಮೂರು ತುಂಬಿದರೂ ನಿನಗೆ ಮಾತು ಬಂದಿರಲಿಲ್ಲ. ಮಂಡ್ಯದ ಅಜ್ಜಿ ಜ್ಯೋತಿಷಿಯೊಬ್ಬರನ್ನು ಮನೆಗೆ ಕರೆತಂದರು. ನೀನು ಹುಟ್ಟಿದ್ದು 2004ರ ಮಾರ್ಚ್ ನಡುವಿನಲ್ಲಿ. ಆಗ ಬುಧ ತನ್ನ ನೀಚರಾಶಿಯಾದ, ಎಂದರೆ ಬಲ ಕುಂದುವ ರಾಶಿಯಾದ ಮೀನದಲ್ಲಿದ್ದ. ಶನಿ ಮಿಥುನದಲ್ಲಿ ಕುಳಿತು, ಅಲ್ಲಿಂದ ಎಣಿಸಿದರೆ ಹತ್ತನೆಯ ರಾಶಿಯ ಮೇಲೆ ಬೀಳುವ ತನ್ನ ಹತ್ತನೆಯ ದೃಷ್ಟಿಯಿಂದ ಅವನನ್ನು ನೋಡುತ್ತಿದ್ದ. "ವಾಕ್ಕಿಗೂ ಬುದ್ಧಿಗೂ ಕಾರಕನೇ ಬುಧ. ಅವನ ಮೇಲೆ ಶನಿಯ ಕಣ್ಣು ಬಿದ್ದಿದೆ, ಮಗು ಮಂದಬುದ್ಧಿಯಾದೀತು" ಎಂದರು. ನೀನು ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.

ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೂ ನಿನ್ನನ್ನು ಕರೆದೊಯ್ದೆವು. ಕಿವಿ ಚೆನ್ನಾಗಿದೆ, ಹೇಳಿದ್ದೆಲ್ಲ ಅರ್ಥವಾಗುತ್ತಿದೆ ಎಂದರು. ಆದರೂ ನನ್ನ ಭಯ ಹೋಗಲಿಲ್ಲ. ಬುಧವಾರ ಹೆಸರುಕಾಳು ದಾನ, ಶನಿವಾರ ಎಳ್ಳೆಣ್ಣೆಯ ದೀಪ. ವರ್ಷಗಟ್ಟಲೆ ಬೇಡಿಕೊಂಡದ್ದು ಒಂದೇ: ಶನಿದೇವ, ನನ್ನ ಮಗುವಿನ ಮೇಲಿನ ಕಣ್ಣು ತೆಗೆ.

ಒಮ್ಮೆ ಮಂಡ್ಯದಿಂದ ಮೈಸೂರಿಗೆ ಬರುತ್ತಿದ್ದೆವು. ನಿನಗೆ ಆಗ ಹತ್ತು ವರ್ಷ. ಬಸ್ ಹತ್ತುತ್ತಲೇ ನಾನು, "ಅಜ್ಜಿಯನ್ನು ನಮ್ಮ ಮನೆಗೇ ಕರೆತಂದುಬಿಡೋಣವೇ?" ಎಂದು ಕೇಳಿದೆ. ನೀನು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತ ಕುಳಿತೆ. ಕೇಳಿಸಲಿಲ್ಲವೇನೋ ಎಂದು ಸುಮ್ಮನಾದೆ. ಶ್ರೀರಂಗಪಟ್ಟಣ ಬಂತು. ಬಸ್ಸು ಕಾವೇರಿಯ ಸೇತುವೆ ಹತ್ತಿದಾಗ ನೀನು ನನ್ನ ಕಡೆ ತಿರುಗಿ ಎರಡು ಮಾತು ಹೇಳಿದೆ. ಹದಿನೈದು ದಿನಗಳಿಂದ ದೊಡ್ಡವರೆಲ್ಲ ಕೂಡಿ ವಾದ ಮಾಡಿದ್ದ ವಿಷಯ ಅಲ್ಲಿಗೆ ತೀರ್ಮಾನವಾಯಿತು.

ಆ ರಾತ್ರಿಯೇ ಜಾತಕ ತೆಗೆದು ಕುಳಿತೆ. ಆಮೇಲೆ ಓದಿಯೂ ಓದಿದೆ, ತಿಳಿದವರನ್ನು ಕೇಳಿಯೂ ಕೇಳಿದೆ. ಶನಿಗೆ 'ಮಂದ' ಎಂದೇ ಒಂದು ಹೆಸರಿದೆ. ಅದರ ಅರ್ಥ ದಡ್ಡ ಎಂದಲ್ಲ, ನಿಧಾನ ಎಂದು. ಶನೈಶ್ಚರ ಎಂದರೂ ಮೆಲ್ಲನೆ ನಡೆಯುವವನು. ಬುಧ 88 ದಿನಗಳಲ್ಲಿ ಸೂರ್ಯನನ್ನು ಸುತ್ತಿ ಮುಗಿಸುತ್ತಾನೆ. ಶನಿಗೆ ಸುಮಾರು 29 ವರ್ಷ ಬೇಕು. ಅಷ್ಟು ಚುರುಕಾದವನನ್ನು ಅಷ್ಟು ನಿಧಾನಿ ನೋಡುತ್ತಿದ್ದರೆ ಮಾತು ತಡವಾಗದೆ ಇರುತ್ತದೆಯೇ? ಮಿಥುನವಾದರೂ ಯಾರದು, ಬುಧನದೇ ಸ್ವಂತ ಮನೆ. ಶಾಸ್ತ್ರದಲ್ಲಿ ಶನಿಗೆ ಬುಧ ಮಿತ್ರ. ಮಿತ್ರನ ಮನೆಯಲ್ಲಿ ಕುಳಿತು ನೋಡುವವನನ್ನು ನಾನು ಶತ್ರುವೆಂದು ತಿಳಿದು ಇಷ್ಟು ವರ್ಷ ಹೆದರಿದ್ದೆ. ಪಾಶ್ಚಾತ್ಯ ಜ್ಯೋತಿಷದಲ್ಲಿ, ನಿನ್ನ ಜಾತಕದ ಬುಧ ಶನಿಗಳ ನಡುವೆ ಇರುವಂಥ 90 ಡಿಗ್ರಿಯ ಅಂತರವನ್ನು ಘರ್ಷಣೆ ಎನ್ನುತ್ತಾರೆ. ಘರ್ಷಣೆ ಇಲ್ಲವೆಂದು ನಾನೂ ಹೇಳುವುದಿಲ್ಲ.

ಏಕೆಂದರೆ ಅದನ್ನು ನಿನ್ನಲ್ಲಿ ಕಂಡಿದ್ದೇನೆ. ಒಂದು ಮಾತನ್ನು ಮನಸ್ಸಿನಲ್ಲೇ ನಾಲ್ಕು ಸಲ ತಿದ್ದುತ್ತೀಯೆ, ಕೊನೆಗೆ ಆಡುವುದೇ ಇಲ್ಲ. ತಪ್ಪಾದೀತೆಂಬ ಅಂಜಿಕೆ ಗ್ರಹದ್ದಲ್ಲ, ನಮ್ಮದು. ಬಂದವರ ಮುಂದೆಲ್ಲ "ಬೇಗ ಹೇಳು, ಬಾಯಿ ಬಿಡು" ಎಂದು ನಿನ್ನನ್ನು ಗದರಿಸಿದೆ. ಅದಕ್ಕೆ ನನ್ನನ್ನು ಕ್ಷಮಿಸು.

ಇನ್ನು ಮೀಟಿಂಗಿನಲ್ಲಿ ಮಾತು ತಕ್ಷಣ ಬಾರದಿದ್ದರೆ, "ಇದನ್ನು ಯೋಚಿಸಿ ಸಂಜೆಯೊಳಗೆ ಬರೆದು ಕಳುಹಿಸುತ್ತೇನೆ" ಎಂದು ಗಟ್ಟಿಯಾಗಿ ಹೇಳು. ಹೇಳಿದಂತೆ ಕಳುಹಿಸು. ನಿನ್ನ ಬರವಣಿಗೆಯಲ್ಲಿ ಒಂದು ಪದ ಹೆಚ್ಚಿರುವುದಿಲ್ಲ, ಒಂದು ಪದ ಕಡಿಮೆ ಇರುವುದಿಲ್ಲ.

ಶನಿವಾರದ ದೀಪ ಈಗಲೂ ಹಚ್ಚುತ್ತೇನೆ. ಕಣ್ಣು ತೆಗೆ ಎಂದು ಮಾತ್ರ ಬೇಡುವುದಿಲ್ಲ.

ಇದರೊಡನೆ ನಿನ್ನ ಜಾತಕವನ್ನೂ ಇಟ್ಟಿದ್ದೇನೆ. ಹಾಳೆಯ ಹಿಂಬದಿ ನೋಡು. ಅಂದು ಬಸ್ಸಿನಲ್ಲಿ ನೀನು ಹೇಳಿದ್ದನ್ನು ಮನೆಗೆ ಬಂದೊಡನೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೆ: "ಬೇಡಮ್ಮ, ಅಜ್ಜಿಗೆ ಅವರ ಬಾವಿಕಟ್ಟೆ ಬೇಕು. ಪ್ರತಿ ಭಾನುವಾರ ನಾವೇ ಹೋಗೋಣ."

ನಿನ್ನ,
ಅಮ್ಮ