ತೊನ್ನನ್ನು ‘ಬಿಳಿ ಕುಷ್ಠ’ ಎಂದು ಬರೆಯಬೇಡಿ

ಮಾನ್ಯ ಸಂಪಾದಕರೇ,

ತೊನ್ನನ್ನು ‘ಬಿಳಿ ಕುಷ್ಠ’ ಎಂದು ಬರೆಯುವ ರೂಢಿ ಅಚ್ಚಿನಿಂದ ಇನ್ನೂ ಪೂರ್ತಿ ಹೋಗಿಲ್ಲ. ಈ ಹೆಸರಿಗೆ ಹೆದರಿ ಕಲೆಯನ್ನು ಬಚ್ಚಿಡುವವರು ಚಿಕಿತ್ಸೆ ಚೆನ್ನಾಗಿ ಫಲಿಸುವ ಮೊದಲ ತಿಂಗಳುಗಳನ್ನೇ ಕಳೆದುಕೊಳ್ಳುತ್ತಾರೆ. ಎರಡು ಕಾಯಿಲೆಗಳಿಗೂ ನಂಟಿಲ್ಲ. ಕುಷ್ಠ ಬ್ಯಾಕ್ಟೀರಿಯಾದ ಸೋಂಕು. ಅದರ ಮಚ್ಚೆ ಮಾಸಲು ಬಣ್ಣದ್ದು, ಅಲ್ಲಿ ಸ್ಪರ್ಶಜ್ಞಾನ ಕುಗ್ಗಿರುತ್ತದೆ. ತೊನ್ನಿನ ಕಲೆ ಸುಣ್ಣದಂತೆ ಬೆಳ್ಳಗೆ; ಬಿಸಿ, ತಂಪು, ಸೂಜಿಮೊನೆ ಎಲ್ಲವೂ ಅಲ್ಲಿ ತಿಳಿಯುತ್ತವೆ. ರೋಗಾಣುವೇ ಇಲ್ಲದ ಮೇಲೆ ಅಂಟುವ ಪ್ರಶ್ನೆ ಎಲ್ಲಿಂದ ಬಂತು?

ಚರ್ಮಕ್ಕೆ ಬಣ್ಣ ಕೊಡುವುದು ಮೆಲನೋಸೈಟ್ ಎಂಬ ಕೋಶ. ತೊನ್ನಿನಲ್ಲಿ, ರೋಗಗಳಿಂದ ದೇಹವನ್ನು ಕಾಯಬೇಕಾದ ಟಿ-ಕೋಶಗಳೇ ಅದನ್ನು ಹಗೆಯೆಂದು ಬಗೆದು ಕೊಲ್ಲುತ್ತವೆ. ಥೈರಾಯ್ಡ್ ತೊಂದರೆಯೂ ಜೊತೆಗೂಡುವುದು ಸಾಮಾನ್ಯವಾದ್ದರಿಂದ, ಆ ಗ್ರಂಥಿಯ ಕೆಲಸವನ್ನು ರಕ್ತದಲ್ಲಿ ಅಳೆಯುವ ಟಿಎಸ್‌ಎಚ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ವಂಶವಾಹಿಗಳ ಪಾತ್ರವಿದೆ, ಆದರೆ ಅದೇ ಎಲ್ಲವೂ ಅಲ್ಲ: ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ತೊನ್ನಿದ್ದರೆ ಇನ್ನೊಬ್ಬರಿಗೂ ಬರುವುದು ಸುಮಾರು ನಾಲ್ಕು ಜೋಡಿಗಳಲ್ಲಿ ಒಂದಕ್ಕೆ ಮಾತ್ರ. ಗೀರು, ಸುಟ್ಟ ಗಾಯ, ಬಿಗಿ ಸೊಂಟಪಟ್ಟಿಯ ಉಜ್ಜಾಟ ಇದ್ದ ಕಡೆ ಹೊಸ ಕಲೆ ಏಳಬಹುದು. ಕೆಲವು ಅಂಟು, ರಬ್ಬರುಗಳಲ್ಲಿರುವ ಫಿನಾಲ್ ಜಾತಿಯ ರಾಸಾಯನಿಕಗಳೂ ಬಣ್ಣ ಅಳಿಸಬಲ್ಲವು. ಅದೇ ಜಾತಿಯ ರೊಡೋಡೆಂಡ್ರಾಲ್ ಬೆರೆಸಿದ ಚರ್ಮ ಬಿಳುಪಾಗಿಸುವ ಕ್ರೀಮುಗಳನ್ನು 2013ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಯಿಂದ ಹಿಂಪಡೆದದ್ದು ಇದೇ ಕಾರಣಕ್ಕೆ.

ಕಲೆ ಕಂಡಾಗ ಮೊದಲು ನೋಡಬೇಕಾದ್ದು ಅದರೊಳಗಿನ ಕೂದಲನ್ನು. ಬಣ್ಣ ಮರಳುವುದು ಬಹುಪಾಲು ಕೂದಲ ಬುಡದಲ್ಲಿ ಉಳಿದಿರುವ, ಹೊಸ ಮೆಲನೋಸೈಟ್‌ಗಳನ್ನು ಹುಟ್ಟಿಸುವ ಮೂಲಕೋಶಗಳಿಂದ. ಹಾಗಾಗಿ ಚಿಕಿತ್ಸೆ ಹಿಡಿದರೆ ಕಲೆಯ ನಡುವೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು ಏಳುತ್ತವೆ, ಆಮೇಲೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೂದಲೂ ಬೆಳ್ಳಗಾಗಿದ್ದರೆ ಆ ದಾಸ್ತಾನು ಬರಿದಾಗಿದೆ ಎಂದರ್ಥ. ಕೂದಲ ಬುಡಗಳು ಹೆಚ್ಚಿರುವ ಮುಖ ಬೇಗ ಸ್ಪಂದಿಸಿ, ಕೂದಲಿಲ್ಲದ ಬೆರಳ ತುದಿ, ತುಟಿಗಳು ಸತಾಯಿಸುವುದೂ ಇದರಿಂದಲೇ. ಇನ್ನು ಅಂಚು ಮಸುಕಾಗಿದ್ದರೆ, ಸುತ್ತ ಸುಣ್ಣದ ಹನಿ ಸಿಡಿದಂತೆ ಸಣ್ಣ ಚುಕ್ಕೆಗಳಿದ್ದರೆ ರೋಗ ವೇಗವಾಗಿ ಹರಡುತ್ತಿದೆ. ‘ನೋಡೋಣ’ ಎನ್ನುತ್ತ ಕೂರುವ ಹೊತ್ತಲ್ಲ ಅದು.

ಮುಖದ ಕಲೆಗೆ ಸಾಮಾನ್ಯವಾಗಿ ಟಿ-ಕೋಶಗಳ ದಾಳಿ ತಗ್ಗಿಸುವ ಶೇ 0.1ರ ಟ್ಯಾಕ್ರೋಲಿಮಸ್ ಮುಲಾಮನ್ನು ದಿನಕ್ಕೆರಡು ಬಾರಿ ಹಚ್ಚಲು ಹೇಳುತ್ತಾರೆ. ಸ್ಟೆರಾಯ್ಡ್ ಕ್ರೀಮನ್ನು ವೈದ್ಯರ ನಿಗಾ ಇಲ್ಲದೆ ತಿಂಗಳುಗಟ್ಟಲೆ ಬಳಿದರೆ ಚರ್ಮ ತೆಳುವಾಗುತ್ತದೆ. ಮೈಯಲ್ಲಿ ಹರಡಿದ್ದರೆ 311 ನ್ಯಾನೋಮೀಟರಿನ ಯುವಿಬಿ ಎಂಬ ಅತಿನೇರಳೆ ಬೆಳಕನ್ನು ವಾರಕ್ಕೆ ಎರಡು ಮೂರು ಸಲ ಕೊಡುತ್ತಾರೆ, ಒಂದರ ಹಿಂದೊಂದು ದಿನ ಅಲ್ಲ. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಎರಡು ತಿಂಗಳು ಕಾದು, ಗುಣವಿಲ್ಲವೆಂದು ಬಿಟ್ಟುಬಿಡುತ್ತಾರೆ. ಕನಿಷ್ಠ 48 ಸರದಿ, ಅಂದರೆ ಸುಮಾರು ಆರು ತಿಂಗಳು ಆಗದೆ ಫಲವಿಲ್ಲ ಎನ್ನುವಂತಿಲ್ಲ. ಪ್ರತಿ ತಿಂಗಳು ಅದೇ ಜಾಗ, ಅದೇ ಬೆಳಕಿನಲ್ಲಿ ಫೋಟೊ ತೆಗೆದಿಟ್ಟರೆ ಕಣ್ಣಿಗೆ ಕಾಣದ ಬದಲಾವಣೆ ಅಲ್ಲಿ ಕಾಣುತ್ತದೆ. ಟಿ-ಕೋಶಗಳ ದಾಳಿಯನ್ನೇ ತಡೆಯುವ ಶೇ 1.5ರ ರಕ್ಸೋಲಿಟಿನಿಬ್ ಕ್ರೀಮಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, 12 ವರ್ಷ ದಾಟಿದವರಿಗೆ. ಬಣ್ಣವಿರುವ ಕಡೆಯ ಚರ್ಮವನ್ನೋ ಕೋಶಗಳನ್ನೋ ತೆಗೆದು ಕಲೆಯ ಮೇಲೆ ಕಸಿ ಮಾಡಿಸುವುದಾದರೆ ಕನಿಷ್ಠ ಒಂದು ವರ್ಷ ಹೊಸ ಕಲೆ ಬಂದಿರಬಾರದು, ಹಳೆಯದು ಹಿಗ್ಗಿರಬಾರದು.

ಪಥ್ಯದ ಉದ್ದನೆಯ ಪಟ್ಟಿಗಳಿಂದ ಕಲೆ ಹೋದ ಪುರಾವೆಯಿಲ್ಲ. ತೊನ್ನಿಗೆ ನಾಟಿ ಮದ್ದಾಗಿ ಹಚ್ಚುವ ಬಾಕುಚಿ ಬೀಜದ ವಿಷಯ ಬೇರೆ. ಅದರಲ್ಲಿರುವ, ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುವ ಸೋರಾಲೆನ್ ನಿಜಕ್ಕೂ ಕೆಲಸ ಮಾಡುವ ವಸ್ತು, ಅಪಾಯವೂ ಅದರಲ್ಲೇ: ಅಳತೆಯಿಲ್ಲದೆ ಹಚ್ಚಿ ಬಿಸಿಲಿಗೆ ಕೂತರೆ ಬೊಬ್ಬೆ ಏಳುತ್ತದೆ, ಆ ಸುಟ್ಟ ಗಾಯದ ಜಾಗದಲ್ಲೇ ತೊನ್ನು ಇನ್ನಷ್ಟು ಅಗಲವಾಗುತ್ತದೆ.

ಇಂತಿ,
ಓರ್ವ ಚರ್ಮವೈದ್ಯ