ಬಯೋಡೀಸೆಲ್ ಕೊಡಿ, ಆದರೆ ಪರೀಕ್ಷೆ ಮಾಡಿ ಕೊಡಿ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ಕುಮಟಾದಲ್ಲಿ ಡೀಸೆಲ್ ಗಾಡಿ ರಿಪೇರಿ ಮಾಡುವವನು ನಾನು. ತದಡಿಯಿಂದ ಮೀನು ಹೊರುವ ಪಿಕಪ್‌ಗಳು, ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿಬರುವ ಗೂಡ್ಸ್ ಗಾಡಿಗಳು, ಇವರೇ ನನ್ನ ಗಿರಾಕಿಗಳು. ಈಗೀಗ ಎಲ್ಲರದ್ದೂ ಒಂದೇ ಪ್ರಶ್ನೆ: "ಬಯೋಡೀಸೆಲ್ ಹಾಕ್ಲಕ್ಕಾ ಮಾರಾಯಾ?"

ಬಯೋಡೀಸೆಲ್ ಅಂದರೆ ಕರಿದ ಎಣ್ಣೆಯಂಥ ಎಣ್ಣೆಗಳಿಂದ ಮಾಡಿ, ಡೀಸೆಲ್ ಬದಲು ಅಥವಾ ಅದಕ್ಕೆ ಬೆರೆಸಿ ಹಾಕುವ ಇಂಧನ. ಒಳ್ಳೆಯದು ಸಿಕ್ಕರೆ ಹಾಕಬಹುದು ಅನ್ನುತ್ತೇನೆ. ಒಳ್ಳೆಯದು ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳಲು ನನ್ನಿಂದಾಗದು. ಅದಕ್ಕೇ ಈ ಪತ್ರ.

ಕರಿದ ಎಣ್ಣೆಯನ್ನು ಸುಮ್ನೆ ಬಟ್ಟೆಯಲ್ಲಿ ಸೋಸಿದರೆ ಬಯೋಡೀಸೆಲ್ ಆಗುವುದಿಲ್ಲ. ಮೆಥನಾಲ್ ಅನ್ನುವ ಆಲ್ಕೋಹಾಲ್, ಕಾಸ್ಟಿಕ್ ಸೋಡಾ ಸೇರಿಸಿ ಬಿಸಿ ಮಾಡಬೇಕು. ತಳಕ್ಕಿಳಿದ ಗ್ಲಿಸರಿನ್ ತೆಗೆಯಬೇಕು. ಉಳಿದದ್ದನ್ನು ತೊಳೆದು ನೀರಿನ ಪಸೆ ಹೋಗಿಸಬೇಕು. ಇಷ್ಟಾದ ಮೇಲೆ ಅದು ಹೆಚ್ಚುಕಡಿಮೆ ಡೀಸೆಲ್‌ನಷ್ಟು ತೆಳ್ಳಗಾಗುತ್ತದೆ. ಇಲ್ಲದಿದ್ದರೆ ಇಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್‌ನ ತುದಿಗೆ ಮಸಿ ಕಟ್ಟುತ್ತದೆ. ಮೊನ್ನೆ ಒಂದು ಪಿಕಪ್‌ನ ಫಿಲ್ಟರ್ ಕತ್ತರಿಸಿ ನೋಡಿದೆ. ಕಾಗದದ ಮಡಿಕೆಗಳ ನಡುವೆ ಜೋನಿ ಬೆಲ್ಲದಂಥ ಅಂಟು, ಕೆಳಗೆ ನೀರು. ಡ್ರೈವರ್ ಯಾವುದೋ ಡ್ರಮ್ಮಿನಿಂದ ಬಿಲ್ ಇಲ್ಲದೆ, ಕಡಿಮೆ ರೇಟಿಗೆ ತುಂಬಿಸಿಕೊಂಡಿದ್ದ. ಅರ್ಧ ಘಟ್ಟದಲ್ಲಿ ಗಾಡಿ ನಿಂತಿತ್ತು. ಒಳಗಿದ್ದ ಬಂಗಡೆಯ ಗತಿ ನೀವೇ ಊಹಿಸಿ.

ಹಾಗಂತ ಎಲ್ಲ ತಪ್ಪೂ ಕಳಪೆ ಮಾಲಿನದ್ದಲ್ಲ. ಅಸಲಿ ಬಯೋಡೀಸೆಲ್ ಕೂಡ ಹಳೇ ಟ್ಯಾಂಕಿನ ಕೊಳೆಯನ್ನು ಎಬ್ಬಿಸುತ್ತದೆ, ಮೊದಲ ಫಿಲ್ಟರ್ ಬೇಗ ಕಟ್ಟುತ್ತದೆ. ಹಳೇ ಗಾಡಿಯ ರಬ್ಬರ್ ಪೈಪು ಉಬ್ಬುತ್ತದೆ. ಶುದ್ಧ ಬಯೋಡೀಸೆಲ್‌ಗೆ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಡೀಸೆಲ್‌ಗೆ ಶೇ 20 ಬಯೋಡೀಸೆಲ್ ಬೆರೆಸಿದ ಮಿಶ್ರಣಕ್ಕೆ ಅಷ್ಟೇನೂ ಗೊತ್ತಾಗುವುದಿಲ್ಲ. ಹೊಗೆ ಕಡಿಮೆ, ಪಂಪಿಗೂ ಜಾರು ಸಿಗುತ್ತದೆ. ಬಿಎಸ್-6 (ಹೊಗೆ ನಿಯಮದ ಹೊಸ ಹಂತ) ಗಾಡಿಯವರು ಮಾತ್ರ ಕಂಪನಿ ಪುಸ್ತಕ ನೋಡದೆ ಹಾಕಬಾರದು.

ನಮ್ಮ ಕರಾವಳಿಯ ಇನ್ನೊಂದು ತೊಂದರೆ ಬೆಂಗಳೂರಿನವರಿಗೆ ಹೊಳೆಯಲಿಕ್ಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮೀನಿನ ಗಾಡಿ ಎಷ್ಟೋ ಜನರದ್ದು ಅಂಗಳದಲ್ಲೇ ನಿಲ್ಲುತ್ತದೆ. ಅದೂ ಜಡಿಮಳೆಯಲ್ಲಿ. ಬಯೋಡೀಸೆಲ್ ಡೀಸೆಲ್‌ಗಿಂತ ಜಾಸ್ತಿ ನೀರು ಹೀರುತ್ತದೆ, ಇಟ್ಟಷ್ಟೂ ಕೆಡುತ್ತದೆ. ಅರ್ಧ ಟ್ಯಾಂಕ್ ಹಾಗೇ ಬಿಟ್ಟರೆ ಆಗಸ್ಟಿನಲ್ಲಿ ನನಗೆ ಕೈತುಂಬ ಕೆಲಸ, ಅವರಿಗೆ ಜೇಬಿಗೆ ಕತ್ತರಿ. ಮಾರುವವರು ಇದನ್ನು ಹೇಳುವುದಿಲ್ಲ.

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ 2030ರ ಹೊತ್ತಿಗೆ ಡೀಸೆಲ್‌ಗೆ ಶೇ 5 ಬಯೋಡೀಸೆಲ್ ಸೇರಿಸುವ ಗುರಿಯಿದೆ. ಬಯೋಡೀಸೆಲ್ ಹೇಗಿರಬೇಕು ಅಂತ ಐಎಸ್ 15607 ಅನ್ನುವ ಭಾರತೀಯ ಮಾನದಂಡವೂ ಇದೆ. ನಿಯಮಕ್ಕೇನೂ ಕೊರತೆಯಿಲ್ಲ ಅಲ್ವಾ? ಜಿಲ್ಲೆಯಲ್ಲಿ ಬಯೋಡೀಸೆಲ್ ಹೆಸರಲ್ಲಿ ಮಾರುವ ಪ್ರತಿ ಜಾಗದಿಂದಲೂ ಸ್ಯಾಂಪಲ್ ತೆಗೆಸಿ. ವರದಿಯನ್ನು ಅಲ್ಲೇ ಗೋಡೆಗೆ ಅಂಟಿಸಲು ಹೇಳಿ. ಬಿಲ್ ಇಲ್ಲದ ಡ್ರಮ್ ಮಾರಾಟ ನಿಲ್ಲಿಸಿ.

ಬಯೋಡೀಸೆಲ್‌ಗೆ ಬೇಕಾದ ಕರಿದ ಎಣ್ಣೆಯೂ ಇಲ್ಲೇ ಇದೆ. ಪೋಲಾರ್ ಅಂಶ (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆಯಲ್ಲಿ ಹೆಚ್ಚುವ ಕೆಟ್ಟ ಅಂಶ) ಶೇ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸುವ ಹಾಗಿಲ್ಲ ಅಂತ 2018ರಿಂದಲೇ ನಿಯಮ. ಕಾರವಾರ, ಗೋಕರ್ಣ, ಮುರ್ಡೇಶ್ವರದ ಹೋಟೆಲುಗಳಲ್ಲಿ ದಿನಾ ಬಾಣಲೆ ಇಳಿಯುತ್ತದೆ. ಆ ಎಣ್ಣೆ ಮತ್ತೆ ಬಜ್ಜಿ ಗಾಡಿ ಸೇರದಂತೆ, ಬಯೋಡೀಸೆಲ್ ಘಟಕಕ್ಕೆ ಹೋಗುವಂತೆ ಆಹಾರ ಸುರಕ್ಷತಾ ಅಧಿಕಾರಿಗಳ ಮೂಲಕ ವ್ಯವಸ್ಥೆ ಮಾಡಿಸಿ.

ಮೊದಲ ಪ್ರಯೋಗ ನಮ್ಮ ಗಾಡಿಗಳ ಮೇಲೆ ಬೇಡ. ಕಾರವಾರ, ಶಿರಸಿ ನಗರಸಭೆಗಳ ಡೀಸೆಲ್ ಕಸದ ಗಾಡಿಗಳಲ್ಲಿ ಕಂಪನಿ ಒಪ್ಪುವಂಥವನ್ನು ಆರಿಸಿ, ಒಂದು ವರ್ಷ ಶೇ 20ರ ಮಿಶ್ರಣ ಹಾಕಿಸಿ ನೋಡಿ. ಅವು ದಿನಾ ಓಡುತ್ತವೆ, ಟ್ಯಾಂಕಿನಲ್ಲಿ ಎಣ್ಣೆ ಹಳಸುವುದಿಲ್ಲ. ಎಷ್ಟು ಫಿಲ್ಟರ್ ಬದಲಾಯಿತು, ಮೈಲೇಜ್ ಎಷ್ಟು ಬಂತು ಅನ್ನುವ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಹಾಕಿ. ಅದನ್ನು ನೋಡಿ ಗಿರಾಕಿಗಳಿಗೆ ಧೈರ್ಯವಾಗಿ ಹೇಳುತ್ತೇನೆ. ಸ್ಯಾಂಪಲ್ ತೆಗೆಯುವ ಕೆಲಸವನ್ನಾದರೂ ಜೂನ್ 1ರ ಒಳಗೆ ಶುರುಮಾಡಿಸಿ.

ಇತಿ,
ಕುಮಟಾದ ಒಬ್ಬ ಡೀಸೆಲ್ ಮೆಕ್ಯಾನಿಕ್